ಮಲ್ಟಿಸೆಷನ್ ಸಿ.ಡಿ.: ಕಡತವ್ಯವಸ್ಥೆಯನ್ನು ಮೌಂಟ್ ಮಾಡುವ ಬಗೆ

ಕಾಂಪ್ಯಾಕ್ಟ್ ಡಿಸ್ಕ್ ಒಂದರಲ್ಲಿ ದತ್ತಾಂಶವನ್ನು ಒಂದೇ ಸಲಕ್ಕೆ ತುಂಬದೆ ಬೇರೆ ಬೇರೆ ದಿನಗಳಲ್ಲಿ ಕಂತುಕಂತಾಗಿ ಬರೆದಿದ್ದರೆ ಅದು ಮಲ್ಟಿಸೆಷನ್ ಸಿ.ಡಿ. ಒಂದೊಂದು ಕಂತೂ ಒಂದೊಂದು ಸೆಷನ್. ಇಂಥ ಡಿಸ್ಕನ್ನು ಗಣಕಕ್ಕೆ ಹಾಕಿದಾಗ ಯಾವ ಸೆಷನ್ನಿನ ಕಡತಗಳನ್ನು ತೋರಿಸಬೇಕೆಂದು ಆಪರೇಟಿಂಗ್ ಸಿಸ್ಟಂ ತೀರ್ಮಾನಿಸಬೇಕಾಗುತ್ತದೆ. ಡಿಸ್ಕಿನ ಮೇಲಿರುವ ಕಡತವ್ಯವಸ್ಥೆಯನ್ನು ಗುರುತಿಸಿ, ತನ್ನ ಡೈರೆಕ್ಟರಿಗಳ ಸಾಲಿಗೆ ಜೋಡಿಸಿಕೊಂಡು, ಓದಲು ಅಣಿಗೊಳಿಸುವ ಕೆಲಸವೇ ಮೌಂಟ್. ಹಾರ್ಡ್ ಡಿಸ್ಕಿನ ಒಂದು ವಿಭಾಗದಲ್ಲಿ ಕಡತವ್ಯವಸ್ಥೆ ಒಂದೇ ಇರುತ್ತದೆ, ಅದು ಎಲ್ಲಿ ಶುರುವಾಗುತ್ತದೆ ಎಂಬುದೂ ಮೊದಲೇ ಗೊತ್ತಿರುತ್ತದೆ. ಮಲ್ಟಿಸೆಷನ್ ಸಿ.ಡಿ.ಯಲ್ಲಿ ಸೆಷನ್ನಿಗೊಂದರಂತೆ ಹಲವು ಕಡತವ್ಯವಸ್ಥೆಗಳು ಸಾಲಾಗಿ ಕೂತಿರುತ್ತವೆ, ಸಾಮಾನ್ಯವಾಗಿ ತೆರೆಯ ಮೇಲೆ ಕಾಣುವುದು ಕೊನೆಯದು ಮಾತ್ರ. ಎರಡೇ ಕಡತಗಳಿರುವಂತೆ ಕಾಣುವ ಸಿ.ಡಿ.ಯೊಳಗೆ ನೂರಾರು ಕಡತಗಳು ಸುರಕ್ಷಿತವಾಗಿ ಕೂತಿರಬಹುದು. ಇದನ್ನು ಅರಿಯದೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಡಿಸ್ಕುಗಳನ್ನೇ ಹಾಳಾದವೆಂದು ಬಗೆದು ಬಿಸಾಡಿದ್ದಾರೆ.

ಹಿನ್ನೆಲೆ

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಸಿ.ಡಿ.ಯ ಮೂಲ ನಿಯಮಗಳನ್ನು ರೂಪಿಸಿದಾಗ ಅವುಗಳ ಕಣ್ಣೆದುರಿಗಿದ್ದದ್ದು ಸಂಗೀತ. ಕಾರ್ಖಾನೆಯಲ್ಲಿ ಅಚ್ಚೊತ್ತಿ ಬರುವ ಡಿಸ್ಕಿಗೆ ಮತ್ತೆ ಏನನ್ನೂ ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಒಳ ಅಂಚಿನಲ್ಲಿ ಲೀಡ್-ಇನ್, ನಡುವೆ ಹಾಡುಗಳು (ಒಂದೊಂದೂ ಒಂದು ಟ್ರ್ಯಾಕ್), ಹೊರ ಅಂಚಿನಲ್ಲಿ ಲೀಡ್-ಔಟ್: ಇಷ್ಟೇ ಅದರ ರಚನೆ. ಹಾಡುಗಳ ಆರಂಭಸ್ಥಾನಗಳ ಪಟ್ಟಿ, ಅಂದರೆ ಟಿ.ಒ.ಸಿ., ಲೀಡ್-ಇನ್‌ನಲ್ಲಿ ಇರುತ್ತಿತ್ತು. ಯೆಲ್ಲೊ ಬುಕ್ ಎಂಬ 1983ರ ನಿಯಮಪುಸ್ತಕ ಅದೇ ಡಿಸ್ಕನ್ನು ಗಣಕದ ದತ್ತಾಂಶಕ್ಕೆ ಒಗ್ಗಿಸಿತು. ಆದರೆ ಕಡತಗಳನ್ನು ಹೇಗೆ ಜೋಡಿಸಬೇಕೆಂದು ಅದು ಹೇಳಲಿಲ್ಲವಾದ್ದರಿಂದ ಕಂಪನಿಗೊಂದು ಪದ್ಧತಿ ಹುಟ್ಟಿಕೊಂಡಿತು. ಅಮೆರಿಕದ ನೆವಾಡಾ ರಾಜ್ಯದ ಲೇಕ್ ಟಾಹೊ ಬಳಿಯ ಹೈ ಸಿಯೆರಾ ಹೋಟೆಲಿನಲ್ಲಿ 1985ರಲ್ಲಿ ಉದ್ಯಮದವರು ಸೇರಿ ಒಂದು ಸಮಾನ ರೂಪಕ್ಕೆ ಒಪ್ಪಿದರು. ಅದೇ ಪರಿಷ್ಕಾರಗೊಂಡು 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಸೆಷನ್ನಿನ ಪ್ರಸ್ತಾಪವೇ ಇಲ್ಲ. ಮುಂದೆ ಎದುರಾದ ತೊಡಕುಗಳೆಲ್ಲ ಇದರಿಂದ ಹುಟ್ಟಿದವು: ಒಮ್ಮೆ ಮಾತ್ರ ಬರೆಯುವ ಡಿಸ್ಕಿಗೆಂದು ಹೊಲಿದ ಅಂಗಿಯನ್ನು ಬೆಳೆಯುವ ಡಿಸ್ಕಿಗೆ ತೊಡಿಸಬೇಕಾಯಿತು.

1990ರ ಆರೆಂಜ್ ಬುಕ್ ಬರೆಯಬಹುದಾದ ಸಿ.ಡಿ.ಗೆ ನಿಯಮ ರೂಪಿಸಿ, ಸೆಷನ್ ಪರಿಕಲ್ಪನೆಯನ್ನು ತಂದಿತು. ಅದನ್ನು ಜನಸಾಮಾನ್ಯರ ಕೈಗೆ ತಲುಪಿಸಿದ್ದು ಕೊಡಕ್ ಕಂಪನಿಯ ಫೋಟೊ ಸಿ.ಡಿ. 1992ರಲ್ಲಿ ಮಾರುಕಟ್ಟೆಗೆ ಬಂದ ಈ ಡಿಸ್ಕಿನಲ್ಲಿ ಸುಮಾರು ನೂರು ಚಿತ್ರಗಳು ಹಿಡಿಸುತ್ತಿದ್ದವು, ಒಂದು ಫಿಲ್ಮ್ ರೋಲಿನಲ್ಲಿ ಇರುತ್ತಿದ್ದುದು 24 ಅಥವಾ 36. ಒಂದು ರೋಲಿಗಾಗಿ ಇಡೀ ಡಿಸ್ಕನ್ನು ವ್ಯರ್ಥ ಮಾಡದೆ, ಮುಂದಿನ ರೋಲ್ ತೊಳೆಸುವಾಗ ಅದೇ ಡಿಸ್ಕನ್ನು ಮತ್ತೆ ಲ್ಯಾಬಿಗೆ ಕೊಟ್ಟು ಚಿತ್ರಗಳನ್ನು ಸೇರಿಸಬಹುದಿತ್ತು. ಆಗಿನ ಸಿ.ಡಿ. ಡ್ರೈವ್‌ಗಳ ಪೆಟ್ಟಿಗೆಯ ಮೇಲೆ ‘ಮಲ್ಟಿಸೆಷನ್’, ‘ಫೋಟೊ ಸಿ.ಡಿ. ಓದಬಲ್ಲದು’ ಎಂದು ದೊಡ್ಡದಾಗಿ ಅಚ್ಚು ಹಾಕುತ್ತಿದ್ದುದಕ್ಕೆ ಇದೇ ಕಾರಣ. ಅದಕ್ಕಿಂತ ಹಳೆಯ ಡ್ರೈವ್‌ಗಳಿಗೆ ಮೊದಲ ಸೆಷನ್ ಮುಗಿದರೆ ಡಿಸ್ಕೇ ಮುಗಿದಂತೆ.

ಡಿಸ್ಕಿನ ಮೇಲಿನ ರಚನೆ

ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 75 ಸೆಕ್ಟರುಗಳು. ಪ್ರತಿ ಸೆಕ್ಟರಿನಲ್ಲಿ 2,352 ಬೈಟುಗಳಿದ್ದು, ಸಾಮಾನ್ಯ ದತ್ತಾಂಶದ ಡಿಸ್ಕಿನಲ್ಲಿ 2,048 ಬೈಟುಗಳು ಮಾತ್ರ ಬಳಕೆಗೆ ಸಿಗುತ್ತವೆ, ಉಳಿದವು ದೋಷವನ್ನು ಪತ್ತೆ ಹಚ್ಚಿ ತಿದ್ದುವುದಕ್ಕೆ ಮತ್ತು ವಿಳಾಸಕ್ಕೆ ಮೀಸಲು. 74 ನಿಮಿಷದ ಡಿಸ್ಕಿನಲ್ಲಿ 3,33,000 ಸೆಕ್ಟರುಗಳು. ಒಳ ಅಂಚಿನಿಂದ ಹೊರ ಅಂಚಿನವರೆಗೆ ಸುರುಳಿಯಾಗಿ ಸಾಗುವ ಒಂದೇ ದಾರಿಯಲ್ಲಿ ಇವುಗಳಿಗೆ ಸೊನ್ನೆಯಿಂದ ಕ್ರಮಸಂಖ್ಯೆ ಇರುತ್ತದೆ.

ಮಲ್ಟಿಸೆಷನ್ ಡಿಸ್ಕಿನಲ್ಲಿ ಪ್ರತಿ ಸೆಷನ್ನಿಗೂ ಸ್ವಂತ ಲೀಡ್-ಇನ್ ಮತ್ತು ಲೀಡ್-ಔಟ್ ಇರುತ್ತವೆ. ಮೊದಲ ಸೆಷನ್ನಿನ ಲೀಡ್-ಔಟ್ ಒಂದೂವರೆ ನಿಮಿಷ, ಅಂದರೆ 6,750 ಸೆಕ್ಟರು. ನಂತರದ ಸೆಷನ್‌ಗಳದ್ದು ಅರ್ಧ ನಿಮಿಷ, 2,250 ಸೆಕ್ಟರು. ಲೀಡ್-ಇನ್ ಯಾವಾಗಲೂ ಒಂದು ನಿಮಿಷ, 4,500 ಸೆಕ್ಟರು. ಹೊಸ ಸೆಷನ್ನಿನ ದತ್ತಾಂಶಕ್ಕೆ ಮುನ್ನ ಎರಡು ಸೆಕೆಂಡಿನ ಬಿಡುವು, 150 ಸೆಕ್ಟರು. ಇವನ್ನು ಕೂಡಿಸಿದರೆ ಮೊದಲ ಮತ್ತು ಎರಡನೆಯ ಸೆಷನ್‌ಗಳ ನಡುವಿನ ಕಂದರ 11,400 ಸೆಕ್ಟರು, ಸುಮಾರು 2 ಕೋಟಿ 33 ಲಕ್ಷ ಬೈಟು. ಮುಂದಿನ ಪ್ರತಿ ಸೆಷನ್ನಿಗೆ 6,900 ಸೆಕ್ಟರು ತೆರಬೇಕು. ಒಂದು ಪುಟದ ಪತ್ರವನ್ನು ಬೇರೆ ಸೆಷನ್ನಾಗಿ ಬರೆದರೂ ಇಷ್ಟು ಜಾಗ ಹೋಗಿಯೇ ತೀರುತ್ತದೆ. ದಿನಕ್ಕೊಂದು ಸೆಷನ್ ಬರೆದವರ ಡಿಸ್ಕುಗಳು ಬೇಗನೆ ತುಂಬಿಕೊಂಡದ್ದು ಈ ಲೆಕ್ಕದಿಂದ.

ಹೊಸ ಸೆಷನ್ನಿಗೆ ಅವಕಾಶ ಬಿಟ್ಟು ಮುಚ್ಚಿದ ಸೆಷನ್ನಿನ ಲೀಡ್-ಇನ್‌ನಲ್ಲಿ, ಮುಂದಿನದು ಎಲ್ಲಿ ಶುರುವಾಗಬಹುದು ಎಂಬ ವಿಳಾಸ ದಾಖಲಾಗಿರುತ್ತದೆ. ಮಲ್ಟಿಸೆಷನ್ ಬಲ್ಲ ಡ್ರೈವು ಡಿಸ್ಕ್ ಒಳಸೇರುತ್ತಲೇ ಮೊದಲ ಲೀಡ್-ಇನ್ ಓದಿ, ಆ ವಿಳಾಸಕ್ಕೆ ನೆಗೆದು, ಅಲ್ಲಿನ ಲೀಡ್-ಇನ್ ಓದಿ, ಹೀಗೆ ಕೊನೆಯವರೆಗೆ ಹೋಗುತ್ತದೆ. ಹಲವು ಸೆಷನ್‌ಗಳಿರುವ ಡಿಸ್ಕ್ ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುವುದು ಈ ಓಡಾಟದಿಂದ. ಡಿಸ್ಕನ್ನು ‘ಫೈನಲೈಸ್’ ಮಾಡಿದರೆ ಕೊನೆಯ ಲೀಡ್-ಇನ್‌ನಲ್ಲಿ ಮುಂದಿನ ವಿಳಾಸ ಇರುವುದಿಲ್ಲ, ಮತ್ತೇನನ್ನೂ ಸೇರಿಸಲಾಗದು. ಬರೆಯುವಾಗ ವಿದ್ಯುತ್ ಹೋಗಿ ಸೆಷನ್ ಮುಚ್ಚದೆ ಉಳಿದರೆ ಅದಕ್ಕೆ ಲೀಡ್-ಇನ್ನೇ ಇರದು. ದತ್ತಾಂಶ ಡಿಸ್ಕಿನ ಮೇಲೆ ಇದ್ದರೂ ಓದುವ ಡ್ರೈವಿಗೆ ಅದು ಕಾಣುವುದಿಲ್ಲ.

ಹಳೆಯ ಕಡತಗಳು ಹೊಸ ಸೆಷನ್ನಿನಲ್ಲಿ ಕಾಣುವ ಬಗೆ

ಐಎಸ್‌ಒ 9660 ಕಡತವ್ಯವಸ್ಥೆಯ ಮೊದಲ 16 ಸೆಕ್ಟರುಗಳು ಮೀಸಲು. 16ನೆಯ ಸೆಕ್ಟರಿನಿಂದ ವಾಲ್ಯೂಮ್ ಡಿಸ್ಕ್ರಿಪ್ಟರುಗಳು ಶುರು. ಅವುಗಳಲ್ಲಿ ಪ್ರಧಾನವಾದದ್ದು ‘ಸಿಡಿ001’ ಎಂಬ ಗುರುತನ್ನು ಹೊತ್ತು, ಮೂಲ ಡೈರೆಕ್ಟರಿ ಎಲ್ಲಿದೆ ಎಂದು ತಿಳಿಸುತ್ತದೆ. ಅಲ್ಲಿಂದ ಮುಂದೆ ಪ್ರತಿ ಡೈರೆಕ್ಟರಿ ತನ್ನ ಕಡತಗಳ ಆರಂಭದ ಸೆಕ್ಟರ್ ಸಂಖ್ಯೆಯನ್ನೂ ಉದ್ದವನ್ನೂ ಹೇಳುತ್ತದೆ. ಮಲ್ಟಿಸೆಷನ್ ಡಿಸ್ಕಿನಲ್ಲಿ ಈ ಸಂಖ್ಯೆಗಳನ್ನು ಸೆಷನ್ನಿನ ಆರಂಭದಿಂದ ಎಣಿಸುವುದಿಲ್ಲ, ಇಡೀ ಡಿಸ್ಕಿನ ಆರಂಭದಿಂದ ಎಣಿಸುತ್ತಾರೆ.

ಇಡೀ ಏರ್ಪಾಟು ನಿಂತಿರುವುದು ಈ ಒಂದು ನಿರ್ಧಾರದ ಮೇಲೆ. ಎರಡನೆಯ ಸೆಷನ್ ಬರೆಯುವ ತಂತ್ರಾಂಶ ಮೊದಲ ಸೆಷನ್ನಿನ ಡೈರೆಕ್ಟರಿಗಳನ್ನು ಓದಿ, ಹಳೆಯ ಕಡತಗಳ ಹೆಸರು ಮತ್ತು ಸ್ಥಾನಗಳನ್ನು ಹೊಸ ಡೈರೆಕ್ಟರಿಯಲ್ಲಿ ಸೇರಿಸಿಬಿಡುತ್ತದೆ. ಕಡತದ ಒಡಲು ಹಳೆಯ ಜಾಗದಲ್ಲೇ ಇರುತ್ತದೆ, ಹೊಸದಾಗಿ ಬರೆಯುವುದು ಅದರ ಉಲ್ಲೇಖವನ್ನು ಮಾತ್ರ. ಈ ಕೆಲಸಕ್ಕೆ ಸೆಷನ್ ಇಂಪೋರ್ಟ್ ಎಂದು ಹೆಸರು. ಯುನಿಕ್ಸ್ ಲೋಕದಲ್ಲಿ ಎರಿಕ್ ಯಂಗ್‌ಡೇಲ್ ಶುರುಮಾಡಿದ ಎಂಕೆಐಸೊಎಫ್‌ಎಸ್ ತಂತ್ರಾಂಶ ಇದನ್ನು ಎರಡು ಸಂಖ್ಯೆಗಳ ನೆರವಿನಿಂದ ಮಾಡುತ್ತದೆ: ಹಿಂದಿನ ಸೆಷನ್ ಶುರುವಾದ ಸೆಕ್ಟರು ಮತ್ತು ಹೊಸದು ಶುರುವಾಗಲಿರುವ ಸೆಕ್ಟರು. ಅವನ್ನು ಡ್ರೈವಿನಿಂದ ಕೇಳಿ ತಂದುಕೊಡುವುದು ಯೋರ್ಗ್ ಶಿಲ್ಲಿಂಗ್ ಬರೆದ ಸಿಡಿರೆಕಾರ್ಡ್.

ಇಂಪೋರ್ಟ್ ಮಾಡುವಾಗ ಕಡತವೊಂದನ್ನು ಪಟ್ಟಿಯಿಂದ ಕೈಬಿಟ್ಟರೆ ಅದು ‘ಅಳಿಸಿದ’ ಕಡತ. ಅದೇ ಹೆಸರಿನ ಬೇರೆ ಕಡತ ಬರೆದರೆ ಅದು ‘ತಿದ್ದಿದ’ ಕಡತ. ಎರಡೂ ಸಂದರ್ಭದಲ್ಲಿ ಹಳೆಯದು ಡಿಸ್ಕಿನ ಮೇಲೆ ಕೂದಲೂ ಕೊಂಕದೆ ಉಳಿದಿರುತ್ತದೆ. ಇನ್ನು ಇಂಪೋರ್ಟ್ ಮಾಡುವುದನ್ನೇ ಮರೆತು ಹೊಸ ಸೆಷನ್ ಬರೆದರಂತೂ ಹಿಂದಿನದೆಲ್ಲ ಕಣ್ಮರೆ. ಜನ ‘ಸಿ.ಡಿ.ಯಲ್ಲಿದ್ದ ಫೋಟೊಗಳೆಲ್ಲ ಹೋದವು’ ಎಂದು ಗೋಳಾಡಿದ ಪ್ರಸಂಗಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ.

ಲಿನಕ್ಸಿನ ಕ್ರಮ

ಮೌಂಟ್ ನಡೆಯುವ ಬಗೆಯನ್ನು ಬಿಡಿಸಿ ನೋಡಲು ಲಿನಕ್ಸ್ ಒಳ್ಳೆಯ ಉದಾಹರಣೆ, ಏಕೆಂದರೆ ಅದರ ತಿರುಳಾದ ಕರ್ನಲ್ಲಿನ ಆಕರ ಸಂಕೇತ ಎಲ್ಲರಿಗೂ ಓದಲು ತೆರೆದಿದೆ. ಐಎಸ್‌ಒ 9660 ಅನ್ನು ನೋಡಿಕೊಳ್ಳುವ ಐಸೊಎಫ್‌ಎಸ್ ಎಂಬ ಭಾಗ, ಕಡತವ್ಯವಸ್ಥೆಯನ್ನು ಹುಡುಕುವ ಮುನ್ನ ಸಿ.ಡಿ. ಡ್ರೈವಿನ ಚಾಲಕ ತಂತ್ರಾಂಶಕ್ಕೆ ಒಂದು ಪ್ರಶ್ನೆ ಕೇಳುತ್ತದೆ: ಕೊನೆಯ ಸೆಷನ್ ಎಲ್ಲಿ ಶುರುವಾಗುತ್ತದೆ? ಚಾಲಕ ಆ ಪ್ರಶ್ನೆಯನ್ನು ಡ್ರೈವಿಗೆ ದಾಟಿಸುತ್ತದೆ. ಬಂದ ಸಂಖ್ಯೆಗೆ 16 ಕೂಡಿಸಿ, ಅಲ್ಲಿಂದ ಮುಂದಕ್ಕೆ ಸೆಷನ್ನಿನ ನೂರನೆಯ ಸೆಕ್ಟರಿನವರೆಗೂ ಡಿಸ್ಕ್ರಿಪ್ಟರನ್ನು ಹುಡುಕುತ್ತದೆ. ಮೊದಲ ಸೆಷನ್ 50,000 ಸೆಕ್ಟರಿಗೆ ಮುಗಿದಿದೆ ಎಂದುಕೊಂಡರೆ ಎರಡನೆಯದು 61,400ರಲ್ಲಿ ಶುರುವಾಗುತ್ತದೆ, ಅದರ ಡಿಸ್ಕ್ರಿಪ್ಟರ್ 61,416ರಲ್ಲಿ ಸಿಗುತ್ತದೆ. ಡ್ರೈವಿನಿಂದ ಉತ್ತರ ಬರದಿದ್ದರೆ ಆರಂಭ ಸೊನ್ನೆಯೆಂದೇ ಹಿಡಿದು ಮೊದಲ ಸೆಷನ್ನನ್ನು ತೆರೆಯುತ್ತದೆ.

ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಪಡೆಯುವುದು ತೊಂಬತ್ತರ ದಶಕದಲ್ಲಿ ಸುಲಭವಾಗಿರಲಿಲ್ಲ. ಸಮಾನ ಆದೇಶಗಳು ನೆಲೆಗೊಳ್ಳುವ ಮೊದಲೇ ಡ್ರೈವ್‌ಗಳು ಮಾರುಕಟ್ಟೆಗೆ ಬಂದಿದ್ದವು. ಎನ್‌ಇಸಿ ಡ್ರೈವಿಗೆ ಒಂದು ಆದೇಶ, ತೊಶಿಬಾ ಡ್ರೈವಿಗೆ ಇನ್ನೊಂದು, ಮೊದಮೊದಲ ರೈಟರುಗಳಿಗೆ ಮತ್ತೊಂದು. ಉತ್ತರವನ್ನು ಕೆಲವು ಡ್ರೈವ್‌ಗಳು ನಿಮಿಷ-ಸೆಕೆಂಡು-ಫ್ರೇಮುಗಳ ರೂಪದಲ್ಲಿ ಕೊಟ್ಟರೆ ಅದನ್ನು ಸೆಕ್ಟರ್ ಸಂಖ್ಯೆಗೆ ಪರಿವರ್ತಿಸಿ, ಮೊದಲ ಎರಡು ಸೆಕೆಂಡಿನ 150 ಸೆಕ್ಟರುಗಳನ್ನು ಕಳೆಯಬೇಕಿತ್ತು. ಗೆರ್ಡ್ ಕ್ನೋರ್ ಬರೆದ ಲಿನಕ್ಸ್ ಚಾಲಕದ ಒಂದು ಕಡತ ಪೂರ್ತಿ ಇದಕ್ಕೇ ಮೀಸಲು. ತಯಾರಕರ ಹೆಸರು ನೋಡಿ ಯಾವ ಡ್ರೈವಿಗೆ ಯಾವ ಆದೇಶ ಎಂದು ಅದು ವಿಂಗಡಿಸುತ್ತದೆ. ಇಂದಿನ ಡ್ರೈವ್‌ಗಳಿಗೆ ಟಿ.ಒ.ಸಿ. ಓದುವ ಒಂದೇ ಆದೇಶ ಸಾಕು. ಅದರ ಒಂದು ರೂಪ ಮೊದಲ ಮತ್ತು ಕೊನೆಯ ಸೆಷನ್ ಸಂಖ್ಯೆಗಳನ್ನೂ ಕೊನೆಯ ಸೆಷನ್ನಿನ ಮೊದಲ ಟ್ರ್ಯಾಕಿನ ವಿಳಾಸವನ್ನೂ ಒಟ್ಟಿಗೆ ಕೊಡುತ್ತದೆ.

ಇನ್ನೊಂದು ತೊಡಕು ಸೆಕ್ಟರಿನ ಬಗೆಯದು. ಲಿಖಿತ ನಿಯಮದ ಪ್ರಕಾರ ಮಲ್ಟಿಸೆಷನ್ ಡಿಸ್ಕುಗಳು, ಫೋಟೊ ಸಿ.ಡಿ.ಯಂತೆ, ಎಕ್ಸ್‌ಎ ಎಂಬ ರೂಪದಲ್ಲಿ ಇರಬೇಕು. ಡಿಸ್ಕು ಎಕ್ಸ್‌ಎ ಎಂದು ಡ್ರೈವು ಹೇಳಿದಾಗ ಮಾತ್ರ ಕೊನೆಯ ಸೆಷನ್ನಿನ ವಿಳಾಸವನ್ನು ನಂಬಬೇಕು. ವಾಸ್ತವದಲ್ಲಿ ಸಾದಾ ರೂಪದ ಸೆಕ್ಟರುಗಳಲ್ಲೇ ಬರೆದ ಮಲ್ಟಿಸೆಷನ್ ಡಿಸ್ಕುಗಳು ಎಲ್ಲೆಡೆ ಹರಡಿದ್ದವು. ಲಿನಕ್ಸಿನ ಸಂಕೇತದಲ್ಲಿ ಈ ಎಕ್ಸ್‌ಎ ಪರೀಕ್ಷೆ ಇದೆ, ಆದರೆ ‘ಬರೆದ ಮಾನಕಗಳನ್ನು ಪಾಲಿಸುತ್ತೇವೆ’ ಎಂಬ ಅರ್ಥದ ಒಂದು ಸ್ವಿಚ್ಚಿನ ಒಳಗಿದೆ. ಆ ಸ್ವಿಚ್ಚು ಹಾಕಿದರೆ ಮಾತ್ರ ಪರೀಕ್ಷೆ ನಡೆಯುತ್ತದೆ. ಸಂಕೇತ ಬರೆದವರು ಪುಸ್ತಕದ ನಿಯಮಕ್ಕಿಂತ ಜನರ ಕೈಯಲ್ಲಿದ್ದ ಡಿಸ್ಕುಗಳಿಗೆ ಬೆಲೆ ಕೊಟ್ಟರು. ಅದು ಸರಿಯಾದ ಆಯ್ಕೆ. ನಿಯಮ ಮೀರಿದ ತಪ್ಪು ಬರೆಯುವ ತಂತ್ರಾಂಶದ್ದಾದರೂ ಅದರ ಶಿಕ್ಷೆ ಡಿಸ್ಕಿನ ಒಡೆಯನಿಗೆ ಆಗಬಾರದು.

ಬಳಕೆದಾರ ಬೇರೆ ಸೆಷನ್ ಬೇಕೆಂದು ಕೇಳುವ ಎರಡು ದಾರಿಗಳನ್ನು ಲಿನಕ್ಸ್ ಇಟ್ಟಿದೆ. ಮೌಂಟ್ ಆದೇಶದಲ್ಲಿ ‘ಸೆಷನ್’ ಆಯ್ಕೆಗೆ ಸಂಖ್ಯೆ ಕೊಡುವುದು ಒಂದು, ‘ಎಸ್‌ಬಿಸೆಕ್ಟರ್’ ಆಯ್ಕೆಯಲ್ಲಿ ಸೆಷನ್ ಶುರುವಾಗುವ ಸೆಕ್ಟರನ್ನೇ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಒಂದು ಸೂಕ್ಷ್ಮವಿದೆ. ಹೆಸರು ಸೆಷನ್ ಎಂದಿದ್ದರೂ ಕರ್ನಲ್ ಆ ಸಂಖ್ಯೆಯನ್ನು ಟ್ರ್ಯಾಕ್ ಸಂಖ್ಯೆಯೆಂದೇ ಹಿಡಿದು ಟಿ.ಒ.ಸಿ.ಯಲ್ಲಿ ಹುಡುಕುತ್ತದೆ, ಅದು ದತ್ತಾಂಶದ ಟ್ರ್ಯಾಕ್ ಆಗಿದ್ದರಷ್ಟೇ ಒಪ್ಪುತ್ತದೆ. ಸಾಮಾನ್ಯ ಡಿಸ್ಕಿನಲ್ಲಿ ಸೆಷನ್ನಿಗೊಂದೇ ಟ್ರ್ಯಾಕ್ ಇರುವುದರಿಂದ ಎರಡೂ ಒಂದೇ. ಆದರೆ 12 ಹಾಡುಗಳ ನಂತರ ಎರಡನೆಯ ಸೆಷನ್ನಿನಲ್ಲಿ ದತ್ತಾಂಶವಿದ್ದರೆ 2 ಎಂದು ಕೊಟ್ಟರೆ ದೋಷದ ಸಂದೇಶ ಬರುತ್ತದೆ, ಕೊಡಬೇಕಾದದ್ದು ದತ್ತಾಂಶದ ಟ್ರ್ಯಾಕನ್ನು ಸೂಚಿಸುವ ಸಂಖ್ಯೆ. ಎಸ್‌ಬಿಸೆಕ್ಟರ್‌ನಲ್ಲಿ ಇಂಥ ಗೊಂದಲವಿಲ್ಲ. ಟ್ರ್ಯಾಕುಗಳ ಪಟ್ಟಿ ಕೈಲಿದ್ದವರಿಗೆ ಅದೇ ನಂಬಿಕೆಯ ದಾರಿ.

ಇತರ ವ್ಯವಸ್ಥೆಗಳು

ಫ್ರೀಬಿಎಸ್‌ಡಿಯ ಮೌಂಟ್ ತಂತ್ರಾಂಶ ದತ್ತಾಂಶವಿರುವ ಕೊನೆಯ ಟ್ರ್ಯಾಕನ್ನು ಟಿ.ಒ.ಸಿ.ಯಲ್ಲಿ ತಾನೇ ಹುಡುಕಿಕೊಂಡು ಅಲ್ಲಿಂದ ಶುರುಮಾಡುತ್ತದೆ. ಬಳಕೆದಾರ ಬೇರೆ ಸೆಕ್ಟರನ್ನು ಸೂಚಿಸಲೂಬಹುದು. ವಿಂಡೋಸ್ ಎನ್‌ಟಿ ವಂಶದ ಸಿಡಿಎಫ್‌ಎಸ್ ಚಾಲಕವೂ ಕೊನೆಯ ಸೆಷನ್ನನ್ನು ಡ್ರೈವಿನಿಂದ ಕೇಳಿ ತಿಳಿಯುತ್ತದೆ, ಆದರೆ ಹಿಂದಿನ ಸೆಷನ್ ಆರಿಸಿಕೊಳ್ಳುವ ದಾರಿಯನ್ನು ಎಕ್ಸ್‌ಪ್ಲೋರರ್ ಕಿಟಕಿಯಲ್ಲಿ ಇಟ್ಟಿಲ್ಲ. ಈ ಕೊರತೆ ತುಂಬಲು ಹೊರಗಿನ ತಂತ್ರಾಂಶಗಳು ಬಂದವು. ನೀರೊ ತನ್ನ ಮಲ್ಟಿಮೌಂಟರ್ ಮೂಲಕ ಸೆಷನ್ ಬದಲಿಸಲು ಬಿಡುತ್ತಿತ್ತು, ಐಸೊಬಸ್ಟರ್ ಪ್ರತಿ ಸೆಷನ್ನನ್ನೂ ಪ್ರತಿ ಟ್ರ್ಯಾಕನ್ನೂ ಬಿಡಿಸಿ ತೋರಿಸುತ್ತದೆ. ಕೋಟ್ಯಂತರ ಜನ ಬಳಸುವ ವ್ಯವಸ್ಥೆ, ಡಿಸ್ಕಿನಲ್ಲಿ ಇನ್ನೂ ಸೆಷನ್‌ಗಳಿವೆ ಎಂಬ ಒಂದು ಸಾಲಿನ ಸೂಚನೆಯನ್ನಾದರೂ ಕೊಡಬೇಕಿತ್ತು.

ಆಪಲ್ ಹಿಡಿದದ್ದು ಬೇರೆಯೇ ದಾರಿ. ಮ್ಯಾಕಿನಲ್ಲಿ ಆಪಲ್‌ನದೇ ಎಚ್‌ಎಫ್‌ಎಸ್ ಕಡತವ್ಯವಸ್ಥೆಯ ಸೆಷನ್‌ಗಳಿರುವ ಡಿಸ್ಕ್ ಹಾಕಿದರೆ ಒಂದೊಂದು ಸೆಷನ್ನೂ ಒಂದೊಂದು ಪ್ರತ್ಯೇಕ ವಾಲ್ಯೂಮ್ ಆಗಿ ಡೆಸ್ಕ್‌ಟಾಪಿನ ಮೇಲೆ ಮೂಡುತ್ತದೆ. ತೆರೆ ತುಂಬಿಕೊಳ್ಳುವುದು ನಿಜ, ಆದರೂ ಡಿಸ್ಕಿನಲ್ಲಿರುವುದೆಲ್ಲ ಕಣ್ಣಿಗೆ ಬೀಳುತ್ತದೆ.

ಹಾಡು ಮತ್ತು ದತ್ತಾಂಶ ಒಂದೇ ಡಿಸ್ಕಿನಲ್ಲಿ

ಸೆಷನ್‌ಗಳ ಇನ್ನೊಂದು ಉಪಯೋಗ ಸಂಗೀತದ ಡಿಸ್ಕುಗಳಲ್ಲಿ. ಮೊದಲಿಗೆ ದತ್ತಾಂಶವನ್ನು ಒಂದನೆಯ ಟ್ರ್ಯಾಕಿನಲ್ಲಿಟ್ಟು ಹಾಡುಗಳನ್ನು ಆಮೇಲೆ ಇಡುತ್ತಿದ್ದರು. ಹಳೆಯ ಪ್ಲೇಯರುಗಳು ಆ ದತ್ತಾಂಶವನ್ನೂ ಹಾಡೆಂದೇ ನುಡಿಸಲು ಹೋಗಿ ಸ್ಪೀಕರಿನಿಂದ ಕರ್ಕಶ ಸದ್ದು ಹೊರಡುತ್ತಿತ್ತು. 1995ರ ಬ್ಲೂ ಬುಕ್ ಹಾಡುಗಳನ್ನು ಮೊದಲ ಸೆಷನ್ನಿನಲ್ಲೂ ದತ್ತಾಂಶವನ್ನು ಎರಡನೆಯದರಲ್ಲೂ ಇಟ್ಟು ಇದನ್ನು ಬಗೆಹರಿಸಿತು. ಪ್ಲೇಯರಿಗೆ ಎರಡನೆಯ ಸೆಷನ್ನಿನ ಗೊಡವೆಯೇ ಇಲ್ಲ, ಗಣಕ ನೇರವಾಗಿ ಕೊನೆಯ ಸೆಷನ್ನಿಗೆ ಹೋಗುತ್ತದೆ. ಇಂಥ ಡಿಸ್ಕಿನಲ್ಲಿ ಕೊನೆಯ ಹಾಡಿನ ಉದ್ದವನ್ನು ಮುಂದಿನ ಟ್ರ್ಯಾಕಿನ ಆರಂಭದಿಂದ ಲೆಕ್ಕ ಹಾಕಿದರೆ ನಡುವಿನ ಕಂದರವೂ ಹಾಡಿಗೆ ಸೇರಿಬಿಡುತ್ತದೆ. ಮ್ಯೂಸಿಕ್‌ಬ್ರೈನ್ಸಿನ ಲಿಬ್‌ಡಿಸ್ಕ್‌ಐಡಿಯಂಥ ತಂತ್ರಾಂಶಗಳು ಅದಕ್ಕಾಗಿ 11,400 ಸೆಕ್ಟರುಗಳನ್ನು ಕಳೆಯುತ್ತವೆ.

ಗಣಕ ಕೊನೆಯ ಸೆಷನ್ನನ್ನೇ ನಂಬುತ್ತದೆ ಎಂಬುದನ್ನು ಸಂಗೀತ ಕಂಪನಿಗಳು ನಕಲು ತಡೆಗೆ ಬಳಸಿಕೊಂಡವು. ಸೋನಿಯ ಕೀ2ಆಡಿಯೊ ವಿಧಾನ ಹೊರ ಅಂಚಿನಲ್ಲಿ ಹುಸಿ ದತ್ತಾಂಶ ಟ್ರ್ಯಾಕ್ ಇಟ್ಟು ಗಣಕವನ್ನು ತಬ್ಬಿಬ್ಬುಗೊಳಿಸುತ್ತಿತ್ತು. 2002ರಲ್ಲಿ ಜನ ಆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ಹಾಡು ಓದಿಸಿಕೊಂಡರು. 2003ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್, ಮೀಡಿಯಾಮ್ಯಾಕ್ಸ್ ಎಂಬ ತಡೆಯನ್ನು ವಿಂಡೋಸಿನಲ್ಲಿ ಡಿಸ್ಕ್ ಹಾಕುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದೇ ದಾಟಬಹುದೆಂದು ತೋರಿಸಿದರು, ಏಕೆಂದರೆ ಡಿಸ್ಕಿನಲ್ಲಿರುವ ತಂತ್ರಾಂಶವನ್ನು ತಾನಾಗಿಯೇ ಓಡಿಸುವ ಆಟೊರನ್ನನ್ನು ಆ ಕೀಲಿ ತಡೆಯುತ್ತದೆ. 2005ರಲ್ಲಿ ಸೋನಿ ಬಿಎಂಜಿ ಡಿಸ್ಕುಗಳ ದತ್ತಾಂಶ ಭಾಗದಿಂದ ಎಕ್ಸ್‌ಸಿಪಿ ಎಂಬ ತಂತ್ರಾಂಶ ವಿಂಡೋಸ್ ಗಣಕಗಳಲ್ಲಿ ಸೇರಿಕೊಂಡು ತನ್ನನ್ನು ಮರೆಮಾಚಿಕೊಳ್ಳುತ್ತಿದ್ದುದನ್ನು ತಂತ್ರಾಂಶ ತಜ್ಞ ಮಾರ್ಕ್ ರುಸಿನೊವಿಚ್ ಅಕ್ಟೋಬರ್ 31ರಂದು ಬಯಲಿಗೆಳೆದರು. ಕಂಪನಿ ಆ ಡಿಸ್ಕುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಣ ಕೊಟ್ಟು ಹಾಡು ಕೊಂಡವರ ಗಣಕಕ್ಕೆ ಹಾಗೆ ನುಗ್ಗಿದ್ದು ಅಕ್ಷಮ್ಯ.

ನಕಲು ಮಾಡುವಾಗಿನ ತೊಡಕು

ಮಲ್ಟಿಸೆಷನ್ ಡಿಸ್ಕಿನ ಇಮೇಜ್, ಅಂದರೆ ಸೆಕ್ಟರುಗಳನ್ನು ಇದ್ದಂತೆಯೇ ಒಂದೇ ಕಡತಕ್ಕೆ ಇಳಿಸಿದ ನಕಲು, ತೆಗೆದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವವರು ಎರಡು ಬಗೆಯಲ್ಲಿ ಎಡವುತ್ತಾರೆ. ಇಡೀ ಡಿಸ್ಕಿನ ಇಮೇಜನ್ನು ಲೂಪ್ ಸಾಧನವಾಗಿ, ಅಂದರೆ ಕಡತವನ್ನೇ ಡಿಸ್ಕೆಂದು ತೋರಿಸಿ, ಮೌಂಟ್ ಮಾಡಿದರೆ, ಅದು ಸಿ.ಡಿ. ಡ್ರೈವ್ ಅಲ್ಲವಾದ್ದರಿಂದ ಕೊನೆಯ ಸೆಷನ್ ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಮೊದಲ ಸೆಷನ್ ಮಾತ್ರ ತೆರೆದುಕೊಳ್ಳುತ್ತದೆ. ಎಸ್‌ಬಿಸೆಕ್ಟರ್ ಆಯ್ಕೆಯಲ್ಲಿ ಸರಿಯಾದ ಸಂಖ್ಯೆ ಕೊಟ್ಟರೆ ಉಳಿದವೂ ಸಿಗುತ್ತವೆ. ಆದರೆ ನಡುವಿನ ಕಂದರದ ಸೆಕ್ಟರುಗಳನ್ನು ಡ್ರೈವು ಓದಿಕೊಡದು, ನಕಲು ಅಲ್ಲೇ ದೋಷ ತೋರಿಸಿ ನಿಲ್ಲಬಹುದು. ಆ ಜಾಗಕ್ಕೆ ಅಷ್ಟೇ ಉದ್ದದ ಸೊನ್ನೆಗಳನ್ನು ತುಂಬಿ ಮುಂದಿನ ಸೆಷನ್ನನ್ನು ಅದರ ಮೂಲ ಸ್ಥಾನದಲ್ಲೇ ಕೂರಿಸಬೇಕು. ಎರಡನೆಯ ಸೆಷನ್ನನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡರೆ ಡಿಸ್ಕ್ರಿಪ್ಟರ್ ಸಿಕ್ಕರೂ ಅದು ಹೇಳುವ ವಿಳಾಸಗಳು ಇಮೇಜಿನ ಆಚೆಗೆ ಹೋಗಿರುತ್ತವೆ. ಮೇಲಿನ ಉದಾಹರಣೆಯಲ್ಲಿ ಪ್ರತಿ ವಿಳಾಸವೂ 61,400ರಷ್ಟು ಹೆಚ್ಚಾಗಿರುತ್ತದೆ.

ಯುಡಿಎಫ್ ಮತ್ತು ಡಿ.ವಿ.ಡಿ.

ನಂತರ ಬಂದ ಯುಡಿಎಫ್ ಕಡತವ್ಯವಸ್ಥೆ ಸಣ್ಣ ಸಣ್ಣ ತುಣುಕುಗಳಾಗಿ ಬರೆಯುವುದನ್ನು ಮೊದಲೇ ಎಣಿಸಿಕೊಂಡಿತ್ತು. ಒಮ್ಮೆ ಬರೆಯುವ ಡಿಸ್ಕಿನಲ್ಲಿ ಕಡತಗಳ ಹೊಸ ಸ್ಥಾನಗಳ ಕೋಷ್ಟಕ ಕೊನೆಯಲ್ಲಿ ಬರೆದ ಸೆಕ್ಟರಿನಲ್ಲಿ ಇರುತ್ತದೆ, ಮೌಂಟ್ ಮಾಡುವವರು ಅದನ್ನು ಹಿಂದಿನಿಂದ ಹುಡುಕಬೇಕು. ಲಿನಕ್ಸಿನ ಯುಡಿಎಫ್‌ಗೂ ಸೆಷನ್ ಆಯ್ಕೆ ಇದೆ. ಮತ್ತೆ ಮತ್ತೆ ಬರೆಯಬಹುದಾದ ಹಲವು ಬಗೆಯ ಡಿ.ವಿ.ಡಿ.ಗಳಲ್ಲಿ ನಿಜವಾದ ಸೆಷನ್‌ಗಳೇ ಇಲ್ಲ. ಆಂಡಿ ಪೊಲ್ಯಕೋವ್ ಅವರ ಗ್ರೊಐಸೊಎಫ್‌ಎಸ್ ತಂತ್ರಾಂಶ ಅಲ್ಲಿ ಹೊಸ ದತ್ತಾಂಶವನ್ನು ಕೊನೆಗೆ ಸೇರಿಸಿ, 16ನೆಯ ಸೆಕ್ಟರಿನ ಡಿಸ್ಕ್ರಿಪ್ಟರನ್ನೇ ತಿದ್ದಿ ಬರೆಯುತ್ತದೆ. ಮೌಂಟ್ ಮಾಡುವಾಗ ತೊಂದರೆಯಿಲ್ಲ, ಆದರೆ ಹಳೆಯ ಸೆಷನ್ನಿನ ಬಾಗಿಲು ಹೀಗೆ ಮುಚ್ಚಿಹೋಗುತ್ತದೆ. ಥಾಮಸ್ ಶ್ಮಿಟ್ ಅವರ ಕ್ಸೊರಿಸೊ ಮೊದಲ ಸೆಷನ್ನನ್ನು 32ನೆಯ ಸೆಕ್ಟರಿನಿಂದ ಶುರುಮಾಡಿ ಹಳೆಯ ಡಿಸ್ಕ್ರಿಪ್ಟರುಗಳನ್ನೂ ಉಳಿಸಿಕೊಳ್ಳುತ್ತದೆ, ಯಾವ ಸೆಷನ್ ತೆರೆಯಲು ಯಾವ ಮೌಂಟ್ ಆದೇಶ ಬೇಕೆಂದೂ ಹೇಳಿಕೊಡುತ್ತದೆ.

ಹಳೆಯ ಡಿಸ್ಕುಗಳಿರುವವರಿಗೆ

ಬರೆಯಬಹುದಾದ ಸಿ.ಡಿ.ಗಳು ದತ್ತಾಂಶವನ್ನು ಬಣ್ಣದ ಪದರದಲ್ಲಿ ಹಿಡಿದಿಡುತ್ತವೆ. ಬಿಸಿಲು, ಸೆಕೆ, ತೇವಕ್ಕೆ ಆ ಪದರ ವರ್ಷಗಳು ಕಳೆದಂತೆ ಸೋಲುತ್ತದೆ. ಡ್ರೈವ್ ಇಲ್ಲದ ಲ್ಯಾಪ್‌ಟಾಪುಗಳೇ ಈಗ ಹೆಚ್ಚು. ಮದುವೆಯ ಚಿತ್ರ, ಊರಿನ ದಾಖಲೆ, ಪ್ರಬಂಧದ ಕರಡು ಹೊತ್ತ ಡಿಸ್ಕುಗಳು ಕಪಾಟಿನಲ್ಲಿದ್ದರೆ ಯುಎಸ್‌ಬಿ ಡ್ರೈವ್ ಒಂದನ್ನು ಹೊಂದಿಸಿಕೊಂಡು ಬೇಗ ಹೊರತೆಗೆಯಿರಿ. ಕಾಣುವ ಕಡತಗಳ ಒಟ್ಟು ಗಾತ್ರಕ್ಕಿಂತ ಡಿಸ್ಕಿನ ಮೇಲೆ ಬರೆದ ಭಾಗ ಬಹಳ ದೊಡ್ಡದಿದ್ದರೆ ಹಿಂದಿನ ಸೆಷನ್ ಇದೆಯೆಂದೇ ಅನುಮಾನಿಸಿ. ಬರೆದ ಭಾಗ ಎಷ್ಟಿದೆ ಎಂಬುದು ಡಿಸ್ಕಿನ ಹಿಂಬದಿಯ ಬಣ್ಣದ ವ್ಯತ್ಯಾಸದಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಟಿ.ಒ.ಸಿ. ಓದಿ ಟ್ರ್ಯಾಕುಗಳನ್ನು ಎಣಿಸಿ, ಮೊದಲಿನಿಂದ ಕೊನೆಯವರೆಗೆ ಪ್ರತಿ ಸೆಷನ್ನನ್ನೂ ಮೌಂಟ್ ಮಾಡಿ ಬೇರೆ ಬೇರೆ ಫೋಲ್ಡರಿಗೆ ನಕಲಿಸಿ. ಡಿಸ್ಕನ್ನು ಬಿಸಾಡುವುದಾದರೆ ಕತ್ತರಿಸಿಯೇ ಬಿಸಾಡಿ, ಏಕೆಂದರೆ ‘ಅಳಿಸಿದ’ ಬ್ಯಾಂಕ್ ಕಾಗದವೂ ಅದರ ಹಳೆಯ ಸೆಷನ್ನಿನಲ್ಲಿ ಹಾಗೆಯೇ ಇರುತ್ತದೆ.